ಬೆಳಕು ಯಾರಿಗಾಗಿ? – ಹವಳದ ತೊಟ್ಟಿಯಿಂದ ಮಗ್ಗದವರೆಗೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಿಂದ ಶಿಕ್ಷಣದ ಮಹತ್ವದ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ. ನಾನೂ ಅದೇ ವಿಷಯವನ್ನು ಎರಡು ಸಲ ಮಾತನಾಡಿ ಚಪ್ಪಾಳೆ ತೆಗೆದುಕೊಂಡು ಹೋಗಿದ್ದೇನೆ. ಆದರೆ ಮಹತ್ವ ಹೇಳಿದ ಮಾತ್ರಕ್ಕೆ ಯಾರೂ ಏನನ್ನೂ ಕಲಿಯುವುದಿಲ್ಲ. ಆದ್ದರಿಂದ ಈ ಸಲ ಒಂದೇ ಒಂದು ವಸ್ತುವನ್ನು ಮುಂದಿಟ್ಟುಕೊಂಡು ಮಾತನಾಡುತ್ತೇನೆ. ಅದು ಒಂದು ದೀಪ. ಮೀನಿನ ತೊಟ್ಟಿಯ ಮೇಲೆ ತೂಗುಹಾಕಲು ನಾವೇ ಕೈಯಾರೆ ಮಾಡಿಕೊಳ್ಳಬಹುದಾದ ಎಲ್‌ಇಡಿ ದೀಪ.

ಈ ವಿಷಯ ಬಂದದ್ದು ಒಬ್ಬ ಹುಡುಗನಿಂದ. ಅವನು ಚಳ್ಳಕೆರೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದ. ಮನೆಯಲ್ಲಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಗಪ್ಪಿ ಮೀನು ಸಾಕಿದ್ದ. ಒಂದು ದಿನ ತರಗತಿ ಮುಗಿದ ಮೇಲೆ ಬಂದು, "ಸರ್, ಸಮುದ್ರದ ಹವಳ ಸಾಕುವ ತೊಟ್ಟಿ ನೋಡಿದೆ. ಅದಕ್ಕೆ ಬೇಕಾದ ದೀಪಕ್ಕೆ ಹತ್ತಾರು ಸಾವಿರ ರೂಪಾಯಿ ಅಂತೆ. ನಾವೇ ಮಾಡೋಕಾಗಲ್ವಾ?" ಎಂದು ಕೇಳಿದ. ಸುತ್ತಲಿದ್ದವರೆಲ್ಲ ನಕ್ಕರು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರು ನಮ್ಮದು. ಸಮುದ್ರ ಇಲ್ಲಿಂದ ನೇರ ಅಳತೆಯಲ್ಲೇ 200 ಕಿಲೋಮೀಟರಿಗಿಂತ ದೂರ. ಇವನಿಗೆ ಹವಳ ಬೇಕಂತೆ! ಅವರ ಜೊತೆ ನಾನೂ ನಕ್ಕೆ. ಹುಡುಗ ತಲೆ ತಗ್ಗಿಸಿ ಹೋದ.

ಆ ರಾತ್ರಿ ನನಗೆ ಸಮಾಧಾನವಾಗಲಿಲ್ಲ. ಓಮನ ನಿಯಮವನ್ನು ನಾನು ಎಷ್ಟೋ ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೇನೆ. ಅದನ್ನು ಬಳಸುವ ಆಸೆಯಿಂದ ಒಬ್ಬ ವಿದ್ಯಾರ್ಥಿ ಬಂದಾಗ ನಾನು ನಕ್ಕೆನಲ್ಲ! ಮರುದಿನ ಅವನನ್ನು ಕರೆದು, "ಬಾ, ಲೆಕ್ಕ ಹಾಕೋಣ" ಎಂದೆ. ಆ ಲೆಕ್ಕ ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಟ್ಟಿತು ಎಂಬುದನ್ನೇ ಇಂದು ನಿಮಗೆ ಹೇಳುತ್ತೇನೆ.

ಹವಳಕ್ಕೆ ಬೆಳಕು ಯಾಕೆ ಬೇಕು?

ಮೊದಲು ಹವಳ ಎಂದರೇನು ಎಂದು ತಿಳಿಯೋಣ. ನಮ್ಮಲ್ಲಿ ಉಂಗುರಕ್ಕೆ ಕೂರಿಸುವ ಕೆಂಪು ಮಣಿಯನ್ನು ಮರ್ಜಾನ್ ಎನ್ನುತ್ತೇವೆ. ಸೂರಃ ಅರ್ರಹ್ಮಾನ್‌ನಲ್ಲಿ ಮುತ್ತಿನ ಜೊತೆಗೆ ಈ ಹೆಸರು ಬರುವುದನ್ನು ನೀವೆಲ್ಲ ಓದಿದ್ದೀರಿ. ಅನೇಕರು ಹವಳವನ್ನು ಕಲ್ಲು ಎಂದುಕೊಂಡಿದ್ದಾರೆ, ಕೆಲವರು ಗಿಡ ಎನ್ನುತ್ತಾರೆ. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಸಾವಿರಾರು ಪುಟ್ಟ ಜೀವಿಗಳು ಒಟ್ಟಾಗಿ ಸುಣ್ಣದ ಗೂಡು ಕಟ್ಟಿಕೊಂಡು ವಾಸಿಸುತ್ತವೆ. ಆ ಗೂಡುಗಳು ನೂರಾರು, ಸಾವಿರಾರು ವರ್ಷ ಬೆಳೆದು ಹವಳದ ದಿಬ್ಬಗಳಾಗುತ್ತವೆ. ಲಕ್ಷದ್ವೀಪದ ದ್ವೀಪಗಳು ನಿಂತಿರುವುದೇ ಇಂಥ ದಿಬ್ಬಗಳ ಮೇಲೆ. ನಮ್ಮ ಉತ್ತರ ಕನ್ನಡದ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ.

ದಿಬ್ಬ ಕಟ್ಟುವ ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ಕೂಡುಬಾಳ್ವೆ ನಡೆಸುತ್ತದೆ. ಈ ಪಾಚಿ ಬೆಳಕಿನಿಂದ ಸಕ್ಕರೆ ತಯಾರಿಸಿ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಮನೆಯನ್ನೂ ಗೊಬ್ಬರವನ್ನೂ ಕೊಡುತ್ತದೆ. ಬೆಳಕಿಲ್ಲದಿದ್ದರೆ ಪಾಚಿ ಉಪವಾಸ, ಪಾಚಿ ಉಪವಾಸ ಬಿದ್ದರೆ ಹವಳವೂ ಉಪವಾಸ. ನೀರಿನ ಬಿಸಿ ಏರಿದಾಗ ಈ ಸ್ನೇಹ ಮುರಿದು ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಂಡು ಸುಣ್ಣದಂತೆ ಕಾಣುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಹವಳ ಬಿಳಿಚಿಕೊಂಡಿತು.

ಇಲ್ಲೊಂದು ಮುಖ್ಯ ಸಂಗತಿ ಇದೆ. ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಆದರೆ ನೀರಿಗಿಳಿದಂತೆ ಮೊದಲು ಮಾಯವಾಗುವುದು ಕೆಂಪು. ಹತ್ತು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಕೆಂಪಿನ ಬಹುಪಾಲು ಮುಗಿದಿರುತ್ತದೆ. ತಿಳಿಯಾದ ಕಡಲ ನೀರಿನಲ್ಲಿ ಆಳಕ್ಕೆ ತಲುಪುವುದು ನೀಲಿ. ಹವಳದೊಳಗಿನ ಪಾಚಿ ಈ ನೀಲಿಗೆ ಹೊಂದಿಕೊಂಡಿದೆ. ಆದ್ದರಿಂದ ಹವಳದ ತೊಟ್ಟಿಗೆ 450 ನ್ಯಾನೋಮೀಟರ್ ಸುತ್ತಮುತ್ತಲಿನ ಕಡು ನೀಲಿ ಬೆಳಕೇ ಮುಖ್ಯ. ಆ ಬೆಳಕು ನಮ್ಮ ಕಣ್ಣಿಗೆ ಮಂಕಾಗಿ ಕಾಣುತ್ತದೆ. ಯಾಕೆಂದರೆ ನಮ್ಮ ಕಣ್ಣು ಚೆನ್ನಾಗಿ ಗುರುತಿಸುವುದು 555 ನ್ಯಾನೋಮೀಟರಿನ ಹಸಿರನ್ನು. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಕೂಡ ನಮ್ಮ ಕಣ್ಣಿನ ಲೆಕ್ಕವನ್ನೇ ಅನುಸರಿಸುವುದರಿಂದ ನೀಲಿ ಬೆಳಕನ್ನು ಕಡಿಮೆ ತೋರಿಸುತ್ತದೆ. ನಮಗೆ ಕತ್ತಲೆ ಎನಿಸಿದ್ದು ಹವಳಕ್ಕೆ ಹಬ್ಬದೂಟ ಆಗಿರಬಹುದು.

ವಿದ್ಯಾರ್ಥಿಗಳೇ, ಇದನ್ನು ನೆನಪಿಡಿ. ದೀಪ ಮಾಡುವವನು ಮೊದಲು ಕೇಳಬೇಕಾದ್ದು "ಎಷ್ಟು ವ್ಯಾಟ್?" ಎಂದಲ್ಲ, "ಈ ಬೆಳಕು ಯಾರಿಗಾಗಿ?" ಎಂದು.

ಕಾನೂನು ಏನು ಹೇಳುತ್ತದೆ?

ಹುಡುಗನಿಗೆ ನಾನು ಎರಡನೆಯ ದಿನ ಹೇಳಿದ ಸುದ್ದಿ ಅವನಿಗೆ ಇಷ್ಟವಾಗಲಿಲ್ಲ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳು, ಕರಿ ಹವಳ, ಸಮುದ್ರ ಬೀಸಣಿಗೆ ಮುಂತಾದವು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಚ್ಛೇದದಲ್ಲಿವೆ. ಹುಲಿ ಇರುವುದೂ ಅದೇ ಪರಿಚ್ಛೇದದಲ್ಲಿ. ಕಡಲಿನಿಂದ ಇವನ್ನು ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. ಶಿಕ್ಷೆ 3 ವರ್ಷದಿಂದ 7 ವರ್ಷದವರೆಗೆ ಜೈಲು. ಯಾರೋ ಪಾರ್ಸೆಲ್‌ನಲ್ಲಿ ಕಳಿಸುತ್ತೇನೆಂದು ಆಸೆ ತೋರಿಸಿದರೆ ದಯವಿಟ್ಟು ಆ ದಾರಿಗೆ ಹೋಗಬೇಡಿ. ಕಾನೂನಿನ ಭಯ ಒಂದು ಕಡೆ ಇರಲಿ, ನೂರು ವರ್ಷ ಬೆಳೆದದ್ದನ್ನು ನಮ್ಮ ಹಾಲ್‌ನ ಅಂದಕ್ಕಾಗಿ ಕಿತ್ತು ತರುವುದು ಅಮಾನತ್ತಿಗೆ ಮಾಡುವ ದ್ರೋಹವೂ ಹೌದು.

ಚಳ್ಳಕೆರೆಯ ಲೆಕ್ಕವನ್ನೂ ಹಾಕಿ ನೋಡಿದೆವು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ 35 ಗ್ರಾಂ ಲವಣ. ಅಂದರೆ ಒಂದು ಸಲಕ್ಕೆ ಸುಮಾರು ಎರಡು ಕಿಲೋ ಸಮುದ್ರದ ಉಪ್ಪಿನ ಪುಡಿ ಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಅದನ್ನು ನೇರವಾಗಿ ಹಾಕುವಂತಿಲ್ಲ, ಆರ್‌ಓ ನೀರು ಬೇಕು. ನಮ್ಮ ಬೇಸಿಗೆಯ ಒಣ ಗಾಳಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ದಿನವೂ ಸಿಹಿನೀರು ಸೇರಿಸದಿದ್ದರೆ ತೊಟ್ಟಿ ಉಪ್ಪಿನಕಾಯಿ ಜಾಡಿಯಾಗುತ್ತದೆ. ಹವಳಕ್ಕೆ 24ರಿಂದ 27 ಡಿಗ್ರಿ ಬಿಸಿ ಹಿತ. ಏಪ್ರಿಲ್ ತಿಂಗಳಲ್ಲಿ ನಮ್ಮ ಊರಿನ ಬಿಸಿ ಎಷ್ಟಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ನೀರು ತಣ್ಣಗಿಡುವ ಯಂತ್ರದ ಕರೆಂಟ್ ಬಿಲ್ ದೀಪದ ಬಿಲ್ಲಿಗಿಂತ ಎಷ್ಟೋ ಪಟ್ಟು ಬರುತ್ತದೆ.

ಹೀಗಾಗಿ ಹವಳ ಬೇಡ ಎಂದು ತೀರ್ಮಾನವಾಯಿತು. ಹುಡುಗ, "ಹಾಗಾದ್ರೆ ಎಲ್ಲಾ ಮುಗೀತಾ ಸರ್?" ಎಂದ. ನಾನು, "ಈಗ ಶುರು" ಎಂದೆ. ಹವಳದ ದೀಪ ಮಾಡಲು ಬೇಕಾದ ವಿದ್ಯೆಯೇ ಸಿಹಿನೀರಿನ ಗಿಡದ ತೊಟ್ಟಿಗೂ ಬೇಕು. ಬದಲಾಗುವುದು ಬಣ್ಣಗಳ ಪ್ರಮಾಣ ಮಾತ್ರ. ನಮ್ಮ ಕೆರೆಗಳಲ್ಲಿ ಬೆಳೆಯುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಗಿಡಗಳನ್ನೇ ತೊಟ್ಟಿಯಲ್ಲಿ ಬೆಳೆಸಬಹುದು, ಗಪ್ಪಿಯೂ ಅಲ್ಲೇ ಸುಖವಾಗಿರುತ್ತದೆ. ಕಡಲಿನ ಅಲಂಕಾರದ ಜೀವಿಗಳನ್ನು ಕಡಲಿನಿಂದ ದೋಚದೆ ತೊಟ್ಟಿಯಲ್ಲೇ ಮರಿ ಮಾಡಿಸುವ ಕೆಲಸ ನಮ್ಮ ದೇಶದಲ್ಲಿ ನಡೆದಿದೆ. ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ ಕೇಂದ್ರದ ಮೀನು ಸಂಶೋಧನಾ ಸಂಸ್ಥೆಯಿಂದ ತರಬೇತಿ ಪಡೆದ ಹೆಣ್ಣುಮಕ್ಕಳು ಅಲಂಕಾರಿಕ ಸಿಗಡಿ ಸಾಕುವ ಘಟಕಗಳನ್ನು ನಡೆಸಿದ್ದಾರೆ. ನಮ್ಮ ಅಕ್ಕತಂಗಿಯರು ಈ ಉದಾಹರಣೆಯನ್ನು ಗಮನಿಸಬೇಕು.

ಎಲ್‌ಇಡಿ ಎಂಬ ಅದ್ಭುತ

ಬೆಳಕಿನ ವಿದ್ಯೆ ನಮಗೆ ಹೊಸದಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಅವರು 'ಕಿತಾಬುಲ್ ಮನಾಝಿರ್' ಎಂಬ ಗ್ರಂಥ ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ನಂಬಿಕೆಯನ್ನು ಒಪ್ಪದೆ, ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರುವುದರಿಂದ ನಾವು ನೋಡುತ್ತೇವೆ ಎಂದು ಸಾಧಿಸಿದರು. ಅವರ ಹಿರಿಮೆ ಇರುವುದು ಈ ಉತ್ತರದಲ್ಲಿ ಮಾತ್ರವಲ್ಲ. ಕತ್ತಲೆ ಕೋಣೆ, ಸಣ್ಣ ತೂತು, ದೀಪ, ಇವನ್ನು ಇಟ್ಟುಕೊಂಡು ಪ್ರಯೋಗ ಮಾಡಿ ನೋಡಿದರಲ್ಲ, ಅದರಲ್ಲಿ. 2015ನ್ನು ಅಂತಾರಾಷ್ಟ್ರೀಯ ಬೆಳಕಿನ ವರ್ಷವಾಗಿ ಆಚರಿಸಿದಾಗ ಜಗತ್ತು ಅವರನ್ನು ನೆನೆಯಿತು. ನಾವು ಅವರ ಹೆಸರನ್ನು ಭಾಷಣದಲ್ಲಿ ಹೇಳಿ ಹೆಮ್ಮೆಪಡುತ್ತೇವೆ. ಅವರಂತೆ ಕತ್ತಲೆ ಕೋಣೆಯಲ್ಲಿ ಕುಳಿತು ಪ್ರಯೋಗ ಮಾಡಿದವರು ನಮ್ಮಲ್ಲಿ ಎಷ್ಟು ಮಂದಿ ಎಂದು ನಮ್ಮನ್ನೇ ಕೇಳಿಕೊಳ್ಳೋಣ.

ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೋನ್ಯಾಕ್ ಮಾಡಿದರು. ಅವರ ತಂದೆ ಕಲ್ಲಿದ್ದಲು ಗಣಿಯ ಕೆಲಸಗಾರ. ಹಸಿರೂ ಬಂತು. ಆದರೆ ಪ್ರಖರವಾದ ನೀಲಿ ಮಾತ್ರ ಮೂವತ್ತು ವರ್ಷ ಸತಾಯಿಸಿತು. ನೀಲಿ ಇಲ್ಲದೆ ಬಿಳಿ ಬೆಳಕಿಲ್ಲ. ಜಪಾನಿನ ಇಸಾಮು ಅಕಸಾಕಿ, ಹಿರೋಶಿ ಅಮಾನೋ ಮತ್ತು ಶುಜಿ ನಾಕಾಮುರ ಅದನ್ನು ಸಾಧಿಸಿ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ಇವರಲ್ಲಿ ನಾಕಾಮುರ ದೊಡ್ಡ ನಗರದ ದೊಡ್ಡ ವಿಶ್ವವಿದ್ಯಾಲಯದವರಲ್ಲ. ತೊಕುಶಿಮಾ ಎಂಬ ದೂರದ ಜಿಲ್ಲೆಯಲ್ಲಿ ಓದಿ, ಅಲ್ಲಿಯದೇ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದವರು. ತಂದ ಯಂತ್ರವನ್ನು ತಾವೇ ಬಿಚ್ಚಿ, ಬದಲಾಯಿಸಿ, ಬೆಸುಗೆ ಹಾಕಿ ಕೆಲಸ ಮಾಡಿಕೊಂಡರು. ಡಾಕ್ಟರೇಟ್ ಬಂದದ್ದು ಆಮೇಲೆ.

ನಿಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬಿನೊಳಗೆ ಇರುವುದೂ ಆ ನೀಲಿಯೇ. ನೀಲಿ ಚಿಪ್ಪಿನ ಮೇಲೆ ಹಳದಿ ಬಣ್ಣದ ರಂಜಕ ಲೇಪ ಇರುತ್ತದೆ. ನೀಲಿಯ ಒಂದು ಭಾಗ ಹಾಗೇ ಹೊರಬರುತ್ತದೆ, ಇನ್ನೊಂದು ಭಾಗ ಲೇಪದಲ್ಲಿ ಹಳದಿಯಾಗಿ ಬದಲಾಗುತ್ತದೆ. ಎರಡೂ ಸೇರಿ ನಮಗೆ ಬಿಳಿಯಾಗಿ ಕಾಣುತ್ತದೆ. ಇದರಿಂದ ಒಂದು ಕೊರತೆಯೂ ಉಂಟು: ಅಗ್ಗದ ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಕಡು ಕೆಂಪು ಬಹಳ ಕಡಿಮೆ. ಈ ಮಾತನ್ನು ಮನಸ್ಸಿನಲ್ಲಿಡಿ, ಮೊಳಕಾಲ್ಮೂರಿಗೆ ಹೋದಾಗ ಬೇಕಾಗುತ್ತದೆ.

ದೀಪ ಮಾಡುವ ಬಗೆ

ಈಗ ಕೆಲಸಕ್ಕೆ ಬರೋಣ. ಬೇಕಾದ ಸಾಮಾನುಗಳು ಇಷ್ಟು: 3 ವ್ಯಾಟ್‌ನ ಎಲ್‌ಇಡಿ 12, ಅಲ್ಯೂಮಿನಿಯಂ ಹೀಟ್ ಸಿಂಕ್, ಹೀಟ್ ಸಿಂಕ್ ಪೇಸ್ಟ್, ಒಂದು ಎಲ್‌ಇಡಿ ಡ್ರೈವರ್, ವೈರು, ಸಾಲ್ಡರಿಂಗ್ ಕಡ್ಡಿ, ಮಲ್ಟಿಮೀಟರ್. ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಅಂಚೆಯಲ್ಲೂ ತರಿಸಬಹುದು. ಒಟ್ಟು ಖರ್ಚು ಹೊರದೇಶದಿಂದ ಬರುವ ದೀಪದ ಬೆಲೆಯ ಒಂದು ಸಣ್ಣ ಪಾಲು.

ಮೊದಲನೆಯ ಪಾಠ ಕರೆಂಟಿನದು. ಬಲ್ಬಿಗೆ ವೋಲ್ಟೇಜು ನೋಡುತ್ತೇವೆ, ಎಲ್‌ಇಡಿಗೆ ಆಂಪಿಯರ್ ನೋಡಬೇಕು. ಇದನ್ನು ನಾನು ಸುಟ್ಟು ಕಲಿತೆ. ಒಮ್ಮೆ ಮನೆಯ 12 ವೋಲ್ಟ್ ಸೋಲಾರ್ ಬ್ಯಾಟರಿಗೆ ಸಣ್ಣ ಬಿಳಿ ಎಲ್‌ಇಡಿಗಳನ್ನು ಮೂರು ಮೂರಾಗಿ ಸರಣಿಯಲ್ಲಿ ಜೋಡಿಸಿದೆ. ಒಂದಕ್ಕೆ 3.2 ವೋಲ್ಟ್, ಮೂರಕ್ಕೆ 9.6. ಉಳಿದದ್ದು 2.4 ವೋಲ್ಟ್. 20 ಮಿಲಿ ಆಂಪಿಯರ್ ಹರಿಯಬೇಕಾದರೆ 2.4ನ್ನು 0.02ರಿಂದ ಭಾಗಿಸಿ, 120 ಓಮ್ ರೆಸಿಸ್ಟರ್. ಲೆಕ್ಕ ಸರಿಯಾಗಿತ್ತು. ರಾತ್ರಿಯೆಲ್ಲ ಚೆನ್ನಾಗಿ ಉರಿಯಿತು. ಆದರೆ ಹಗಲು ಬಿಸಿಲಿಗೆ ಬ್ಯಾಟರಿ ಚಾರ್ಜ್ ಆಗುವಾಗ ವೋಲ್ಟೇಜು 14.4ಕ್ಕೆ ಏರುತ್ತದೆ ಎಂಬುದನ್ನು ಮರೆತಿದ್ದೆ. ಆಗ ಉಳಿಯುವುದು 4.8 ವೋಲ್ಟ್, ಹರಿಯುವುದು ಹತ್ತಿರ ಹತ್ತಿರ 40 ಮಿಲಿ ಆಂಪಿಯರ್. ವೋಲ್ಟೇಜು ಏರಿದ್ದು ಐದರಲ್ಲಿ ಒಂದು ಪಾಲು, ಕರೆಂಟು ಏರಿದ್ದು ಎರಡು ಪಟ್ಟು! ಕೆಲವೇ ದಿನಗಳಲ್ಲಿ ದೀಪ ಕಪ್ಪಾಯಿತು. ಅದಕ್ಕೇ ದೊಡ್ಡ ಎಲ್‌ಇಡಿಗಳಿಗೆ ರೆಸಿಸ್ಟರ್ ಸಾಲದು. ವೋಲ್ಟೇಜು ಏನೇ ಆದರೂ ಕರೆಂಟನ್ನು ಒಂದೇ ಸಮ ಇಡುವ ಡ್ರೈವರ್ ಬೇಕು.

ನಮ್ಮ ದೀಪದ ಲೆಕ್ಕ ಹೀಗೆ. 12 ಎಲ್‌ಇಡಿಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದರೆ 12 ಗುಣಿಸು 3.2, ಅಂದರೆ 38.4 ವೋಲ್ಟ್. ಎಲ್‌ಇಡಿಯ ಮಿತಿ 700 ಮಿಲಿ ಆಂಪಿಯರ್ ಇದ್ದರೆ ನಾವು 600ರ ಡ್ರೈವರ್ ಹಾಕೋಣ, ಸ್ವಲ್ಪ ಕಡಿಮೆ ದುಡಿಸಿದರೆ ಹೆಚ್ಚು ಕಾಲ ಬಾಳುತ್ತದೆ. ಒಟ್ಟು ಶಕ್ತಿ 38.4 ಗುಣಿಸು 0.6, ಸುಮಾರು 23 ವ್ಯಾಟ್. ಡ್ರೈವರ್ ಕೊಳ್ಳುವಾಗ ಅದರ ಮೇಲೆ ಬರೆದಿರುವ ವೋಲ್ಟೇಜ್ ವ್ಯಾಪ್ತಿಯೊಳಗೆ ನಮ್ಮ 38 ವೋಲ್ಟ್ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು.

ಎರಡನೆಯ ಪಾಠ ಬಿಸಿಯದು. ಎಲ್‌ಇಡಿ ತಣ್ಣನೆಯ ದೀಪ ಎಂದು ಜನ ಹೇಳುತ್ತಾರೆ. ಬೆಳಕು ಬರುವ ಕಡೆ ತಣ್ಣಗೆ, ಬೆನ್ನ ಕಡೆ ಬೆಂಕಿ. ಕೊಟ್ಟ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಬೆನ್ನಿನಿಂದ ಹೋಗುತ್ತದೆ. ಅದಕ್ಕೆ ದಾರಿ ಕೊಡದಿದ್ದರೆ ಎಲ್‌ಇಡಿ ಮಂಕಾಗಿ ಸಾಯುತ್ತದೆ. ಆದ್ದರಿಂದ ಪ್ರತಿ ಎಲ್‌ಇಡಿಯ ತಳಕ್ಕೆ ಪೇಸ್ಟನ್ನು ತೆಳ್ಳಗೆ ಸವರಿ ಹೀಟ್ ಸಿಂಕ್‌ಗೆ ಬಿಗಿಯಾಗಿ ಸ್ಕ್ರೂ ಮಾಡಬೇಕು. ದಪ್ಪಗೆ ಮೆತ್ತಿದರೆ ಅದೇ ಹೊದಿಕೆಯಾಗುತ್ತದೆ. ಹೀಟ್ ಸಿಂಕ್‌ನ ರೆಕ್ಕೆಗಳು ಮೇಲ್ಮುಖವಾಗಿರಲಿ, ಮೇಲೆ ಗಾಳಿಯಾಡಲಿ. ಮುಕ್ಕಾಲು ಗಂಟೆ ಉರಿಸಿ ಹೀಟ್ ಸಿಂಕ್ ಮೇಲೆ ಕೈ ಇಡಿ. ಕೈ ತಡೆಯುವಷ್ಟು ಬಿಸಿಯಿದ್ದರೆ ಸರಿ. ಕೈ ಎಳೆದುಕೊಳ್ಳುವಂತಾದರೆ ಇನ್ನೂ ದೊಡ್ಡ ಹೀಟ್ ಸಿಂಕ್ ಅಥವಾ ಸಣ್ಣ ಫ್ಯಾನ್ ಬೇಕು. ಈ ಪರೀಕ್ಷೆಯನ್ನು ನಮ್ಮ ಬೇಸಿಗೆಯ ಮಧ್ಯಾಹ್ನ ಮಾಡಿ, ಡಿಸೆಂಬರ್ ರಾತ್ರಿ ಮಾಡಿ ಮೋಸಹೋಗಬೇಡಿ.

ಮೂರನೆಯ ಪಾಠ ಬಣ್ಣದ್ದು. ಹವಳದ ತೊಟ್ಟಿಯಾದರೆ 12ರಲ್ಲಿ 8 ಕಡು ನೀಲಿ, 4 ಬಿಳಿ ಹಾಕಬಹುದು. ಸಿಹಿನೀರಿನ ಗಿಡದ ತೊಟ್ಟಿಯಾದರೆ 9 ಬಿಳಿ, 3 ಕೆಂಪು. ಕೆಂಪು ಎಲ್‌ಇಡಿಗೆ 2.2 ವೋಲ್ಟ್ ಸಾಕು, ಆಗ ಒಟ್ಟು 28.8 ಕೂಡಿಸು 6.6, ಅಂದರೆ 35.4 ವೋಲ್ಟ್. ಅದೇ ಡ್ರೈವರ್ ನಡೆಯುತ್ತದೆ. ದಿನಕ್ಕೆ 8 ಗಂಟೆ ಬೆಳಕು ಸಾಕು. ಹೊಸ ದೀಪವನ್ನು ಮೊದಲ ವಾರ ಎತ್ತರದಲ್ಲಿ ತೂಗುಹಾಕಿ, ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಿ. ಕತ್ತಲೆಯಲ್ಲಿ ಇದ್ದವರ ಮುಖಕ್ಕೆ ಒಮ್ಮೆಲೇ ಟಾರ್ಚ್ ಹಿಡಿಯಬಾರದು, ಗಿಡಕ್ಕೂ ಅಷ್ಟೇ. ಜಾಸ್ತಿ ಬೆಳಕು ಕೊಟ್ಟರೆ ಗಿಡಕ್ಕಿಂತ ಮೊದಲು ಗಾಜಿನ ಮೇಲೆ ಪಾಚಿ ಬೆಳೆಯುತ್ತದೆ.

ನಾಲ್ಕನೆಯದು ಪಾಠವಲ್ಲ, ಷರತ್ತು. ನೀರು ಮತ್ತು ಕರೆಂಟು ಪಕ್ಕಪಕ್ಕದಲ್ಲಿರುವಾಗ ಎಚ್ಚರ ತಪ್ಪಿದರೆ ಜೀವ ಹೋಗುತ್ತದೆ. ಡ್ರೈವರ್ ತೊಟ್ಟಿಯ ಮೇಲೆ ಇರಕೂಡದು, ಪಕ್ಕದ ಗೋಡೆಯ ಮೇಲೆ ಒಣ ಜಾಗದಲ್ಲಿರಲಿ. ವೈರು ಪ್ಲಗ್ಗಿಗೆ ಹೋಗುವ ಮೊದಲು ಒಂದು ಕಡೆ ಕೆಳಕ್ಕೆ ಜೋತುಬೀಳಲಿ, ಆಗ ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್‌ಗೆ ಬೀಳುವ ಇಎಲ್‌ಸಿಬಿ ಇಲ್ಲದ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ತೊಟ್ಟಿಯೊಳಗೆ ಕೈ ಹಾಕುವ ಮೊದಲು ಪ್ಲಗ್ ಕೀಳಿ. ಉರಿಯುತ್ತಿರುವ 3 ವ್ಯಾಟ್‌ನ ನೀಲಿ ಎಲ್‌ಇಡಿಯನ್ನು ನೇರವಾಗಿ ನೋಡಬೇಡಿ. 230 ವೋಲ್ಟ್‌ನ ಜೋಡಣೆಯನ್ನು ಶಿಕ್ಷಕರು ಅಥವಾ ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ಸ್ವಿಚ್ ಹಾಕಿ.

ಮಗ್ಗದ ಮನೆಯಲ್ಲಿ

ಹುಡುಗನ ದೀಪ ಮೂರು ವಾರದಲ್ಲಿ ತಯಾರಾಯಿತು. ಹೈಡ್ರಿಲ್ಲಾ ಚಿಗುರಿತು. ಬೆಳಿಗ್ಗೆ ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಎಲೆಯಿಂದ ಆಮ್ಲಜನಕದ ಗುಳ್ಳೆ ಏಳುವುದನ್ನು ಅವನ ತಂಗಿ ನನಗೆ ತೋರಿಸಿದಳು. ಪಠ್ಯಪುಸ್ತಕದ ದ್ಯುತಿಸಂಶ್ಲೇಷಣೆ ಅವರ ಹಾಲ್‌ನಲ್ಲೇ ನಡೆಯುತ್ತಿತ್ತು. ಕಥೆ ಇಲ್ಲಿಗೆ ಮುಗಿದಿದ್ದರೆ ಇದು ಒಂದು ಹವ್ಯಾಸದ ಕಥೆ ಮಾತ್ರ ಆಗುತ್ತಿತ್ತು.

ಅವನ ಮಾಮು ಮನೆ ಮೊಳಕಾಲ್ಮೂರಿನಲ್ಲಿ. ಪಕ್ಕದ ಮನೆಯಲ್ಲಿ ಒಬ್ಬ ನೇಕಾರ ಅಜ್ಜ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅದರ ಹೆಸರು ದೂರ ದೂರ ಹೋಗಿದೆ. ಆದರೆ ಆ ಸೀರೆ ಹುಟ್ಟುವ ಕುಣಿ ಮಗ್ಗದ ಕೋಣೆಗೆ ಹೋಗಿ ನೋಡಿ. ಸಣ್ಣ ಕಿಟಕಿ, ಒಂದು ಬಲ್ಬು. ಹುಡುಗ ಹೋಗಿದ್ದಾಗ ಅಜ್ಜ ಎರಡು ರೇಷ್ಮೆ ಲಡಿಗಳನ್ನು ಹಿಡಿದುಕೊಂಡು ಬಾಗಿಲ ಬಿಸಿಲಿಗೆ ಹೋಗಿ ನೋಡುತ್ತಿದ್ದರು. ಒಂದು ಕುಂಕುಮದ ಬಣ್ಣ, ಒಂದು ಕಂದು ಬೆರೆತ ಕೆಂಪು. ಒಳಗಿನ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು.

ಕಾರಣ ನಿಮಗೆ ಈಗ ಗೊತ್ತು. ಕೆಂಪು ನೂಲು ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಬೀಳುವ ಬೆಳಕಿನಲ್ಲಿ ಕೆಂಪು ಇರಬೇಕು. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಅದೇ ಇಲ್ಲ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆ ಇದೆ. ನೂರಕ್ಕೆ ನೂರು ಪೂರ್ಣ. ಸಾಧಾರಣ ಬಲ್ಬು 80ರ ಆಸುಪಾಸು. 90ಕ್ಕಿಂತ ಮೇಲಿನ ಎಲ್‌ಇಡಿಗಳೂ ಸಿಗುತ್ತವೆ, ಕೇಳಿ ತೆಗೆದುಕೊಳ್ಳಬೇಕು ಅಷ್ಟೇ. ಹುಡುಗ ಅಂಥ 12 ಎಲ್‌ಇಡಿ ತರಿಸಿ, ಅದೇ ಲೆಕ್ಕದಲ್ಲಿ ಜೋಡಿಸಿ, ಹೆಮ್ಮೆಯಿಂದ ಮಗ್ಗದ ಮೇಲೆ ತೂಗುಹಾಕಿದ.

ಅಜ್ಜ ಹತ್ತು ನಿಮಿಷ ನೇಯ್ದು ಕೈ ನಿಲ್ಲಿಸಿದರು. "ಬೆಳಕೇನೋ ಬಾಳ ಐತೆ ಕಣಪ್ಪ. ಆದ್ರೆ ನನ್ ಕೈ ನೆರಳೇ ನೇಯೋ ಜಾಗಕ್ಕೆ ಬೀಳ್ತೈತೆ. ಜರಿ ಮೇಲೆ ಬಿದ್ದು ಕಣ್ಣಿಗೆ ಹೊಡೀತೈತೆ. ನಿನ್ ಮೀನಿಗೆ ಸರಿ ಇದು, ನನಗಲ್ಲ" ಎಂದರು.

ಹುಡುಗ ಸಪ್ಪೆ ಮುಖ ಮಾಡಿಕೊಂಡು ಬಂದು ನನಗೆ ಹೇಳಿದ. ನಾನು ಹೇಳಿದೆ, "ಅಜ್ಜ ನಿನಗೆ ಪಾಠ ಮಾಡಿದ್ದಾರೆ. ಬೆಳಕು ಯಾರಿಗಾಗಿ ಎಂದು ಕೇಳಿದೆ, ಅವರು ಹೇಗೆ ಕೆಲಸ ಮಾಡುತ್ತಾರೆ ಎಂದು ನೋಡಲಿಲ್ಲ." ಅವನು ಮತ್ತೆ ಹೋದ. ಈ ಸಲ ಟೇಪು ಹಿಡಿದು ಅಳೆದ. ಅಜ್ಜ ಎಲ್ಲಿ ಕೂರುತ್ತಾರೆ, ಲಾಳಿ ಎಲ್ಲಿಂದ ಎಲ್ಲಿಗೆ ಓಡುತ್ತದೆ, ಕಣ್ಣು ಎಲ್ಲಿರುತ್ತದೆ ಎಂದು ಬರೆದುಕೊಂಡ. ಒಂದೇ ಪಟ್ಟಿಯಲ್ಲಿದ್ದ 12 ಎಲ್‌ಇಡಿಗಳನ್ನು ಆರಾರರ ಎರಡು ಪಟ್ಟಿ ಮಾಡಿ ಎಡಕ್ಕೊಂದು ಬಲಕ್ಕೊಂದು ಕಟ್ಟಿದ. ಒಂದು ಕಡೆಯ ನೆರಳನ್ನು ಇನ್ನೊಂದು ಕಡೆಯ ಬೆಳಕು ಅಳಿಸಿತು. ಎದುರಿಗೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಹಾಕಿದ, ಜರಿಯ ಹೊಳಪು ಕಣ್ಣಿಗೆ ಚುಚ್ಚುವುದು ನಿಂತಿತು. ಸರಣಿ ಹಾಗೇ ಉಳಿದದ್ದರಿಂದ ಡ್ರೈವರ್ ಬದಲಾಯಿಸಬೇಕಾಗಲಿಲ್ಲ.

"ಈಗ ಕುಂಕುಮ ಕುಂಕುಮದಂಗೆ ಕಾಣ್ತೈತೆ" ಎಂದರಂತೆ ಅಜ್ಜ. ಅಷ್ಟೇ. ಪ್ರಶಸ್ತಿ ಇಲ್ಲ, ಫೋಟೋ ಇಲ್ಲ. ಆದರೆ ದಿನಕ್ಕೆ ಎಷ್ಟೋ ಸಲ ಬಾಗಿಲಿಗೆ ಎದ್ದು ಹೋಗುತ್ತಿದ್ದ ಅಜ್ಜ ಈಗ ಕೂತಲ್ಲೇ ಬಣ್ಣ ಗುರುತಿಸುತ್ತಾರೆ. ಸಂಜೆಯ ಮೇಲೂ ಕಣ್ಣು ಕಿರಿದು ಮಾಡದೆ ಒಂದು ಗಂಟೆ ನೇಯುತ್ತಾರೆ.

ನಮ್ಮ ಪಾಲಿನ ಕೆಲಸ

ಬಂಧುಗಳೇ, ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿ ನಮ್ಮ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ರಕ್ಷಣಾ ಸಂಶೋಧನೆಯ ವಿಮಾನ ಪರೀಕ್ಷಾ ವಲಯವೂ 2017ರಲ್ಲಿ ಶುರುವಾಗಿದೆ. ವಿಜ್ಞಾನ ನಮ್ಮ ಹೊಲದ ಬದುವಿನವರೆಗೆ ಬಂದಿದೆ. ನಮ್ಮ ಮಕ್ಕಳು ಬೇಲಿಯ ಹೊರಗಿನಿಂದ ನೋಡುವವರಾಗಿಯೇ ಉಳಿಯಬೇಕೇ, ಅಥವಾ ಒಳಗೆ ಕೆಲಸ ಮಾಡುವವರಾಗಬೇಕೇ? ಒಳಗೆ ಹೋಗುವ ಬಾಗಿಲು ಅಂಕಪಟ್ಟಿಯಿಂದ ಮಾತ್ರ ತೆರೆಯುವುದಿಲ್ಲ, ಕೈಗೂ ಕೆಲಸ ಗೊತ್ತಿರಬೇಕು.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನದು ಒಂದು ಸಣ್ಣ ಬೇಡಿಕೆ. ನಮ್ಮ ಗ್ರಂಥಾಲಯದ ಒಂದು ಮೂಲೆಯಲ್ಲಿ ಒಂದು ಗಟ್ಟಿ ಮೇಜು ಹಾಕಿಸಿ. ಅದರ ಮೇಲೆ ಎರಡು ಸಾಲ್ಡರಿಂಗ್ ಕಡ್ಡಿ, ಎರಡು ಮಲ್ಟಿಮೀಟರ್, ಒಂದು ಡಬ್ಬಿ ರೆಸಿಸ್ಟರ್, ಒಂದು ಡಬ್ಬಿ ಎಲ್‌ಇಡಿ ಇರಲಿ. ಇಎಲ್‌ಸಿಬಿ ಇರುವ ಒಂದು ಪ್ಲಗ್ ಪಾಯಿಂಟ್ ಇರಲಿ. ವಾರಕ್ಕೆ ಒಂದು ದಿನ ಹುಡುಗರಿಗೆ, ಒಂದು ದಿನ ಹುಡುಗಿಯರಿಗೆ. ಭಾನುವಾರ ಸಂಜೆ ಎರಡು ಗಂಟೆ ನಾನು ಬಂದು ಕೂರುತ್ತೇನೆ. ನಮ್ಮಲ್ಲಿರುವ ಎಲೆಕ್ಟ್ರಿಷಿಯನ್ ಅಣ್ಣಂದಿರು, ಮೊಬೈಲ್ ರಿಪೇರಿ ಮಾಡುವ ತಮ್ಮಂದಿರು ನನಗಿಂತ ಚೆನ್ನಾಗಿ ಬೆಸುಗೆ ಹಾಕಬಲ್ಲರು, ಅವರನ್ನು ಗುರುಗಳಾಗಿ ಕರೆಯೋಣ. ಒಂದು ಸಮಾರಂಭದ ಶಾಮಿಯಾನದ ಖರ್ಚಿನಲ್ಲಿ ಇದೆಲ್ಲ ಆಗುತ್ತದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಹವಳದ ತೊಟ್ಟಿ ಬೇಕೆಂದು ಕೇಳಿದ ಹುಡುಗನಿಗೆ ಹವಳ ಸಿಗಲಿಲ್ಲ. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿ ಅವನು ಕರೆಂಟು ಕಲಿತ, ಬಿಸಿ ಕಲಿತ, ಬಣ್ಣ ಕಲಿತ, ಕಾನೂನು ಕಲಿತ, ಕೊನೆಗೆ ಒಬ್ಬ ಅಜ್ಜನ ಮಾತು ಕೇಳುವುದನ್ನು ಕಲಿತ. ಈಗ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ. ನಿಮ್ಮ ಪ್ರಶ್ನೆ ಎಷ್ಟೇ ವಿಚಿತ್ರವಾಗಿರಲಿ, ಕೇಳಿ. ಯಾರಾದರೂ ನಕ್ಕರೆ ನಗಲಿ. ನಕ್ಕವರಲ್ಲಿ ನಿಮ್ಮ ಶಿಕ್ಷಕರೂ ಇದ್ದರೆ ಮರುದಿನ ಮತ್ತೆ ಹೋಗಿ ಕೇಳಿ. ನಾನು ನಕ್ಕದ್ದಕ್ಕೆ ಆ ಹುಡುಗನ ಹತ್ತಿರ ಮಾಫಿ ಕೇಳಿದ್ದೇನೆ. ಇಂದು ನಿಮ್ಮೆಲ್ಲರ ಮುಂದೆಯೂ ಕೇಳುತ್ತೇನೆ.

ಹಿರಿಯರೇ, ಮನೆಯಲ್ಲಿ ಮಗುವೊಂದು ವೈರು, ಬ್ಯಾಟರಿ ಹರಡಿಕೊಂಡು ಕುಳಿತಿದ್ದರೆ "ಕಸ ಎತ್ತು" ಎನ್ನುವ ಮೊದಲು ಪಕ್ಕದಲ್ಲಿ ಕುಳಿತು "ಇದು ಏನು ಬೇಟಾ?" ಎಂದು ಒಮ್ಮೆ ಕೇಳಿ ನೋಡಿ.

ಉಪಯೋಗಕ್ಕೆ ಬರುವ ಇಲ್ಮನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ದಯಪಾಲಿಸಲಿ. ಆ ಇಲ್ಮಿನ ಬೆಳಕು ನಮ್ಮ ಮನೆಗೂ ನೆರೆಯವರ ಮನೆಗೂ ಸಮನಾಗಿ ಬೀಳಲಿ. ಆಮೀನ್.